ಪುಟಕ್ಕೆ ಕೂಲಿ, ಹೊತ್ತಿಗೆ ಲೆಕ್ಕವಿಲ್ಲ

ತುಮಕೂರಿನ ಕೋರ್ಟಿನ ಸುತ್ತಮುತ್ತ, ಗುಬ್ಬಿ ಮತ್ತು ಕುಣಿಗಲ್ಲಿನ ತಾಲ್ಲೂಕು ಕಚೇರಿಗಳ ಎದುರು ಜಾಬ್ ಟೈಪಿಂಗ್ ಬೋರ್ಡು ಹಾಕಿಕೊಂಡು ಕೂತವರಿಗೆ ಪುಟದ ಲೆಕ್ಕ ಹೊಸದಲ್ಲ. ಅಫಿಡವಿಟ್ಟಿಗೆ ಇಷ್ಟು, ಕರಾರುಪತ್ರದ ಪುಟಕ್ಕೆ ಇಷ್ಟು ಎಂದು ಗಿರಾಕಿಯ ಎದುರೇ ಮಾತಾಗುತ್ತದೆ, ದುಡ್ಡು ಅಲ್ಲೇ ಕೈಗೆ ಬರುತ್ತದೆ, ಸಂಜೆ ಶಟರ್ ಎಳೆದರೆ ಆ ದಿನದ ಕೆಲಸ ಮುಗಿಯಿತು. ಈಗ ಅದೇ ಪುಟದ ಲೆಕ್ಕ ಮನೆಯೊಳಗೆ ಬಂದಿದೆ. ವೈದ್ಯರು ಮಾತಿನಲ್ಲಿ ಹೇಳಿ ಕಳಿಸಿದ ರೋಗಿಯ ವಿವರ, ಸ್ಕ್ಯಾನ್ ಮಾಡಿದ ಹಳೆಯ ಕಡತ, ಯಾರದೋ ಪಿಎಚ್‌.ಡಿ. ಪ್ರಬಂಧ, ಕಂಪ್ಯೂಟರಿಗೆ ಕನ್ನಡ ಕಲಿಸಲು ಸಂಗ್ರಹಿಸಿದ ಹಳ್ಳಿಯವರ ಮಾತು, ಇವೆಲ್ಲ ಫೈಲುಗಳಾಗಿ ಮೊಬೈಲಿಗೆ ಬಂದು ಬೀಳುತ್ತವೆ. ಕೆಲಸ ಕೊಡುವವನು ಇನ್ನೊಂದು ಊರಿನಲ್ಲೋ ಇನ್ನೊಂದು ದೇಶದಲ್ಲೋ ಇರುತ್ತಾನೆ. ನಡುವೆ ಒಬ್ಬ ಏಜೆಂಟ್, ಒಂದು ವಾಟ್ಸ್‌ಆ್ಯಪ್ ಗುಂಪು. ಗಿರಾಕಿಯ ಮುಖ ಕಾಣುವುದಿಲ್ಲ. ಶಟರ್ ಎಳೆಯುವ ಹೊತ್ತೂ ಬರುವುದಿಲ್ಲ.

ಈ ಕೆಲಸ ಹಿಡಿಯುವವರಲ್ಲಿ ಓದಿದ ಹೆಣ್ಣುಮಕ್ಕಳು ಬಹಳ. ತುಮಕೂರಿನಿಂದ ಬೆಂಗಳೂರಿಗೆ ಸುಮಾರು 70 ಕಿಲೋಮೀಟರು, ಕುಣಿಗಲ್ಲಿನಿಂದಲೂ ಹೆಚ್ಚುಕಡಿಮೆ ಅಷ್ಟೇ. ಬೆಳಗಿನ ರೈಲಿಗೋ ಬಸ್ಸಿಗೋ ಓಡಿ ರಾತ್ರಿ ಮನೆ ಸೇರುವ ಬದುಕು ಮದುವೆಯಾದ ಮೇಲೆ, ಮಗು ಹುಟ್ಟಿದ ಮೇಲೆ, ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾಗ ಸಾಗುವುದಿಲ್ಲ. ಆಗ ಮನೆಯಲ್ಲೇ ಕೂತು ನಾಲ್ಕು ಕಾಸು ದುಡಿಯುವ ದಾರಿ ದೊಡ್ಡ ಆಸರೆ. 2020ರ ಲಾಕ್‌ಡೌನ್ ಅದನ್ನು ಇನ್ನಷ್ಟು ಮನೆಗಳಿಗೆ ಮುಟ್ಟಿಸಿತು. ಈ ಆಸರೆಯನ್ನು ಹಗುರವಾಗಿ ಕಾಣುವ ಹಕ್ಕು ಯಾರಿಗೂ ಇಲ್ಲ, ಕೆಲಸ ನಿಲ್ಲಲಿ ಎಂದು ಬಯಸಿ ನಾನು ಬರೆಯುತ್ತಿಲ್ಲ. ಅದು ನಿಲ್ಲಬಾರದು ಎಂದೇ ಅದರ ಲೆಕ್ಕ ಕೇಳಬೇಕು.

ನನ್ನ ಮಾತು ಇಷ್ಟೇ. ಕೂಲಿ ಪುಟದ ಮೇಲೆ ಕೊಟ್ಟರೂ ಕೆಲಸಗಾರ್ತಿ ಕೊಡುತ್ತಿರುವುದು ತನ್ನ ಹೊತ್ತನ್ನು. ಟೈಪ್ ಮಾಡಿದ ಹೊತ್ತು, ಫೈಲಿಗಾಗಿ ಕಾದ ಹೊತ್ತು, ವಾಪಸ್ ಬಂದದ್ದನ್ನು ತಿದ್ದಿದ ಹೊತ್ತು, ಬೆರಳಿಗೂ ಕಣ್ಣಿಗೂ ಬಿಡುವು ಕೊಟ್ಟ ಹೊತ್ತು ಎಲ್ಲವೂ ಬರಹಕ್ಕೆ ಇಳಿಯಬೇಕು. ಆ ಬರಹ ಕೆಲಸಗಾರ್ತಿಯ ಕೈಯಲ್ಲಿರಬೇಕು. ಪುಟದ ದರವನ್ನು ಆ ಹೊತ್ತಿನಿಂದ ಲೆಕ್ಕ ಹಾಕಬೇಕು. ಇದು ಅಸಾಧ್ಯದ ಬೇಡಿಕೆ ಎನ್ನುವವರಿಗೆ ಉತ್ತರ ದೂರದಲ್ಲಿಲ್ಲ. ನಮ್ಮ ಊರಿನ ಇತಿಹಾಸದಲ್ಲೇ, ನಮ್ಮ ಕೋರ್ಟುಗಳ ತೀರ್ಪುಗಳಲ್ಲೇ ಇದೆ.

ಮೊದಲು ಲೆಕ್ಕವನ್ನೇ ನೋಡೋಣ. ಒಂದು ಪುಟಕ್ಕೆ 15 ರೂಪಾಯಿ, ಗಂಟೆಗೆ ನಾಲ್ಕು ಪುಟ ಎಂದಿಟ್ಟುಕೊಳ್ಳಿ. ಏಜೆಂಟ್ ಹೇಳುವುದು ಗಂಟೆಗೆ 60 ರೂಪಾಯಿ. ಆರು ಗಂಟೆ ಕೂತರೆ 24 ಪುಟ, 360 ರೂಪಾಯಿ. ಆದರೆ ಆ ದಿನ ಫೈಲು ಇಳಿಸಿಕೊಂಡು ಸೂಚನೆ ಓದಲು ಅರ್ಧ ಗಂಟೆ ಹೋಗಿದೆ, ಮುಂದಿನ ಫೈಲು ಬರಲೆಂದು ಕಂಪ್ಯೂಟರಿನ ಮುಂದೆ ಕಾದದ್ದು ಒಂದು ಗಂಟೆ, ನಿನ್ನೆಯ ಪುಟ ತಿದ್ದಿಕೊಟ್ಟದ್ದು ಒಂದು ಗಂಟೆ, ಕತ್ತು ನೆಟ್ಟಗೆ ಮಾಡಿ ಒಂದು ಲೋಟ ಕಾಫಿ ಕುಡಿದು ಬಂದದ್ದೆಲ್ಲ ಸೇರಿ ಇನ್ನರ್ಧ ಗಂಟೆ. ಒಟ್ಟು ಒಂಬತ್ತು ಗಂಟೆ. 60 ರೂಪಾಯಿಯ ಗಂಟೆ 40ಕ್ಕೆ ಇಳಿಯಿತು. ನಾಲ್ಕು ಪುಟ ‘ಅಕ್ಯುರೆಸಿ ಇಲ್ಲ’ ಎಂದು ತಳ್ಳಿಹೋದರೆ 33ಕ್ಕೆ. ಕರೆಂಟು, ಡೇಟಾ, ಕಂಪ್ಯೂಟರಿನ ಸವೆತ ಇನ್ನೂ ಕಳೆದಿಲ್ಲ. ಇವು ನಾನು ಉದಾಹರಣೆಗೆಂದು ಹಾಕಿದ ಅಂಕಿಗಳು, ಯಾವ ಕಂಪನಿಯ ದರವೂ ಅಲ್ಲ. ಆದರೆ ಈ ಕೆಲಸ ಮಾಡುವವರು ತಮ್ಮದೇ ಅಂಕಿಗಳನ್ನು ಇದೇ ಜಾಗಗಳಲ್ಲಿ ತುಂಬಿ ನೋಡಲಿ. ಟೈಪಿಂಗ್ ಶಾಲೆಯ ಪರೀಕ್ಷೆಯಲ್ಲಿ ತೋರಿಸಿದ ವೇಗ ಕೆಲವು ನಿಮಿಷಗಳ ವೇಗ. ಅದನ್ನೇ ಇಡೀ ದಿನಕ್ಕೆ ಹಿಗ್ಗಿಸಿ ದರ ಕಟ್ಟುವಲ್ಲಿ ಮೋಸ ಶುರುವಾಗುತ್ತದೆ.

ಕರೆಂಟಿನ ಮಾತು ಬಂತು. ಗೃಹಜ್ಯೋತಿ 2023ರಲ್ಲಿ ಬಂದ ಮೇಲೆ ಎಷ್ಟೋ ಮನೆಗಳ ಬಿಲ್ಲು ಸೊನ್ನೆಯಾಯಿತು. ಆದರೆ ಉಚಿತದ ಪ್ರಮಾಣ ಆ ಮನೆಯ ಹಿಂದಿನ ಸರಾಸರಿ ಬಳಕೆಯ ಮೇಲೆ ನಿಂತಿದೆ, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ದಿನವಿಡೀ ಕಂಪ್ಯೂಟರೂ ಫ್ಯಾನೂ ಓಡಿದರೆ ಆ ಹೆಚ್ಚುವರಿಯನ್ನು ಕಟ್ಟುವವಳು ಕೆಲಸಗಾರ್ತಿ. ಉಚಿತದೊಳಗೇ ಉಳಿದರೆ ಕಟ್ಟುವುದು ಸರ್ಕಾರ. ಎರಡರಲ್ಲೂ ಕೆಲಸ ಕೊಟ್ಟವನದು ಒಂದು ಪೈಸೆಯೂ ಇಲ್ಲ.

ದರದ ಘಟಕಗಳಲ್ಲೇ ಹೊತ್ತು ಅಡಗಿ ಕೂರುತ್ತದೆ. ವೈದ್ಯಕೀಯ ಟ್ರಾನ್ಸ್‌ಕ್ರಿಪ್ಷನ್ 1990ರ ದಶಕದಲ್ಲಿ ಬೆಂಗಳೂರಿಗೆ ಬಂದಾಗ ಅದರೊಡನೆ 65 ಅಕ್ಷರ ಸೇರಿದರೆ ಒಂದು ಸಾಲು ಎಂಬ ಅಮೆರಿಕದ ಅಳತೆಯೂ ಬಂತು. ದನಿ ಸ್ಪಷ್ಟವಾಗಿದ್ದರೆ ಸಾಲುಗಳು ಓಡುತ್ತವೆ. ವೈದ್ಯರು ಗೊಣಗಿದ್ದರೆ, ಔಷಧದ ಹೆಸರು ಕೇಳಿಸದೆ ಹತ್ತು ಸಲ ಹಿಂದೆ ಎಳೆದು ಕೇಳಬೇಕಾಗಿ ಬಂದರೆ ಸಾಲಿನ ಬೆಲೆ ಅಷ್ಟೇ, ಹೊತ್ತು ಮಾತ್ರ ಮೂರುಪಟ್ಟು. ಆಡಿಯೊ ನಿಮಿಷಕ್ಕೆ ಕೂಲಿ ಕೊಡುವ ಪದ್ಧತಿ ಇನ್ನೂ ತೊಡಕಿನದು. ಒಂದು ಗಂಟೆಯ ಸ್ಪಷ್ಟ ಮಾತನ್ನು ಬರಹಕ್ಕಿಳಿಸಲು ಸುಮಾರು ನಾಲ್ಕು ಗಂಟೆ ಬೇಕೆಂಬುದು ಈ ವೃತ್ತಿಯ ರೂಢಿಯ ಅಂದಾಜು. ಜಗಲಿಯ ಮೇಲೆ ನಾಲ್ಕು ಜನ ಒಟ್ಟಿಗೆ ಮಾತಾಡಿದ ಕನ್ನಡಕ್ಕೆ, ಹಿಂದೆ ಕೋಳಿಯೂ ಟ್ರ್ಯಾಕ್ಟರೂ ಕೂಗುವ ಧ್ವನಿಮುದ್ರಣಕ್ಕೆ ಆ ಅಂದಾಜು ಸಾಲುವುದಿಲ್ಲ. ‘ಆಡಿಯೊ ಗಂಟೆಗೆ ಇಷ್ಟು’ ಎಂದು ಜಾಹೀರಾತಿನಲ್ಲಿ ಓದಿದವರು ಅದನ್ನು ಕೆಲಸದ ಗಂಟೆಗೆ ಬರುವ ಹಣವೆಂದು ತಿಳಿದು ಒಪ್ಪಿಕೊಳ್ಳುತ್ತಾರೆ. ಆ ತಪ್ಪು ತಿಳಿವಳಿಕೆಯನ್ನು ತಿದ್ದುವ ಹೊಣೆ ಜಾಹೀರಾತು ಕೊಟ್ಟವರ ಮೇಲಿದೆ.

ಕನ್ನಡದ ಟೈಪಿಂಗಿಗೆ ಇನ್ನೊಂದು ತೊಡಕುಂಟು. ‘ಸ್ತ್ರೀ’ ಎಂಬುದು ಕಣ್ಣಿಗೆ ಒಂದೇ ಅಕ್ಷರ. ಯೂನಿಕೋಡಿನಲ್ಲಿ ಆರು ಸಂಕೇತ, ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆಯಲ್ಲಿ ಆರು ಸಲ ಬೆರಳು ಒತ್ತಬೇಕು. ಕೂಲಿ ಎಣಿಸುವಾಗ ಅಕ್ಷರವೆಂದರೆ ಯಾವುದು? ಪದಕ್ಕೆ ದರವೆಂದರೂ ಕಷ್ಟವೇ, ಇಂಗ್ಲಿಷಿನಲ್ಲಿ ಮೂರು ನಾಲ್ಕು ಪದವಾಗುವುದು ಕನ್ನಡದಲ್ಲಿ ಸಂಧಿ ವಿಭಕ್ತಿ ಸೇರಿ ಒಂದೇ ಪದವಾಗಿ ನಿಲ್ಲುತ್ತದೆ. ಅದರ ಮೇಲೆ ಹಳೆಯ ನುಡಿ, ಬರಹ ಫಾಂಟುಗಳಲ್ಲಿದ್ದ ಕಡತವನ್ನು ಯೂನಿಕೋಡಿಗೆ ಪರಿವರ್ತಿಸಿದಾಗ ಅರ್ಕಾವೊತ್ತು ಎಲ್ಲೋ ಹಾರಿ ಎಲ್ಲೋ ಕೂತಿರುತ್ತದೆ. ಅದನ್ನು ಸಾಲುಸಾಲಾಗಿ ಹುಡುಕಿ ಸರಿಮಾಡುವುದಕ್ಕೆ ‘ಹೊಸದಾಗಿ ಟೈಪ್ ಮಾಡಿದ್ದಲ್ಲವಲ್ಲ’ ಎಂದು ಕೂಲಿಯೇ ಇರುವುದಿಲ್ಲ. ಎಣಿಕೆಯ ಘಟಕ ಯಾವುದಾದರೂ ಇರಲಿ, ಅದು ಕೆಲಸವನ್ನು ಪೂರ್ತಿ ಹಿಡಿಯುವುದಿಲ್ಲ. ಹಿಡಿಯಬಲ್ಲದ್ದು ಗಡಿಯಾರವೊಂದೇ.

ಬಿಡುವಿನ ವಿಷಯಕ್ಕೆ ಬರೋಣ, ಇಲ್ಲಿ ಆಗುವ ಹಾನಿ ದುಡ್ಡಿನದಕ್ಕಿಂತ ದೊಡ್ಡದು. ತಿಂಗಳ ಸಂಬಳದವರಿಗೆ ಹತ್ತು ನಿಮಿಷ ಎದ್ದು ಹೋಗಿ ಬಂದರೆ ಸಂಬಳ ಕಡಿಮೆಯಾಗುವುದಿಲ್ಲ. ಪುಟದ ಲೆಕ್ಕದವಳಿಗೆ ಪ್ರತಿ ಬಿಡುವೂ ತನ್ನ ಜೇಬಿನಿಂದ ಹೋಗುವ ಹಣ. ಮೊಣಕೈ ಸೆಳೆದರೂ, ಹೆಬ್ಬೆರಳಿನ ಬುಡ ಜುಮ್ಮೆಂದರೂ ‘ಈ ಪುಟ ಮುಗಿಸಿ ಏಳೋಣ’ ಎನ್ನುತ್ತಾಳೆ. ಮುಗಿದಾಗ ಇನ್ನೊಂದು ಪುಟ ಕಾದಿರುತ್ತದೆ. ಇನ್ನು ಮನೆಯವರ ಕಣ್ಣಿಗೆ ಅವಳು ಇಡೀ ದಿನ ಬಿಡುವಾಗಿರುವವಳು. ಹಾಲು ಉಕ್ಕದಂತೆ ನೋಡಿಕೊಳ್ಳುವುದು, ಗ್ಯಾಸ್ ಸಿಲಿಂಡರ್ ಇಳಿಸಿಕೊಳ್ಳುವುದು, ಮಗುವನ್ನು ಶಾಲೆಯಿಂದ ಕರೆತರುವುದು ಎಲ್ಲ ಅವಳ ಪಾಲಿಗೆ ಬರುತ್ತದೆ. ಇವನ್ನೆಲ್ಲ ‘ಬ್ರೇಕ್’ ಎಂದು ಕರೆದರೆ ಅದು ತಪ್ಪು ಲೆಕ್ಕ. ಕೀಲಿಮಣೆಯಿಂದ ಒಲೆಗೆ ಹೋದ ಕೈಗೆ ವಿಶ್ರಾಂತಿ ಸಿಕ್ಕಿಲ್ಲ. ಬಿಡುವನ್ನು ಬರೆದಿಡುವಾಗ ಒಲೆಯ ಹೊತ್ತು ಬೇರೆ, ಕಣ್ಣು ಮುಚ್ಚಿ ಕೂತ ಹೊತ್ತು ಬೇರೆ ಎಂದು ಬರೆದಾಗ ಮಾತ್ರ ತನಗೆ ನಿಜವಾಗಿ ಎಷ್ಟು ವಿಶ್ರಾಂತಿ ಸಿಕ್ಕಿತೆಂದು ಅವಳಿಗೇ ಗೊತ್ತಾಗುತ್ತದೆ.

ಬಿಡುವು ಕೊಟ್ಟರೆ ಉತ್ಪಾದನೆ ಕುಸಿಯುತ್ತದೆ ಎಂಬ ಭಯಕ್ಕೂ ಉತ್ತರ ಸಿಕ್ಕಿ ಕಾಲು ಶತಮಾನ ಕಳೆದಿದೆ. ಅಮೆರಿಕದ ರಾಷ್ಟ್ರೀಯ ವೃತ್ತಿ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆಯ ಸಂಶೋಧಕರು ಡೇಟಾ ಎಂಟ್ರಿ ಮಾಡುವವರ ಮೇಲೆ ನಡೆಸಿದ ಅಧ್ಯಯನ 2000ನೇ ಇಸವಿಯಲ್ಲಿ ಪ್ರಕಟವಾಯಿತು. ದಿನಕ್ಕೆ ಹದಿನೈದು ನಿಮಿಷದ ಎರಡು ಬಿಡುವು ಮಾಮೂಲಿ ಇದ್ದವು. ಅವುಗಳ ಜೊತೆಗೆ, ಬಿಡುವಿಲ್ಲದ ಗಂಟೆಗಳಲ್ಲಿ ಐದೈದು ನಿಮಿಷ, ಒಟ್ಟು 20 ನಿಮಿಷ ಹೆಚ್ಚು ಕೊಟ್ಟು ನೋಡಿದರು. ಕಣ್ಣಿನ ಆಯಾಸ, ಕತ್ತು ಕೈಗಳ ನೋವು ಕಡಿಮೆಯಾಯಿತು. 20 ನಿಮಿಷ ಕಡಿಮೆ ಕೂತರೂ ದಿನದ ಕೆಲಸದ ಪ್ರಮಾಣ ತಗ್ಗಲಿಲ್ಲ. ಅಂದಮೇಲೆ ಬಿಡುವನ್ನು ಕೂಲಿಯೊಳಗೆ ಸೇರಿಸುವುದರಿಂದ ಕೆಲಸ ಕೊಟ್ಟವರಿಗೆ ಆಗುವ ನಷ್ಟ ಅವರು ಹೇಳುವಷ್ಟಿಲ್ಲ. ಕ್ಯಾಲಿಫೋರ್ನಿಯಾ ರಾಜ್ಯ 2016ರ ಜನವರಿಯಿಂದ ಇದನ್ನು ಕಾನೂನೇ ಮಾಡಿತು: ಉತ್ಪಾದನೆಯ ಲೆಕ್ಕದಲ್ಲಿ ಕೂಲಿ ಪಡೆಯುವ ನೌಕರರಿಗೆ ವಿಶ್ರಾಂತಿಯ ಹೊತ್ತಿಗೂ, ಕಾದು ಕೂತಂಥ ಉತ್ಪಾದನೆಯಿಲ್ಲದ ಹೊತ್ತಿಗೂ ಬೇರೆಯಾಗಿ ಹಣ ಕೊಡಬೇಕು, ಆ ಗಂಟೆಗಳನ್ನು ಸಂಬಳದ ಚೀಟಿಯಲ್ಲಿ ತೋರಿಸಬೇಕು.

ಕ್ಯಾಲಿಫೋರ್ನಿಯಾ ನಮಗೆ ದೂರ. ಬೀಡಿ ದೂರವಲ್ಲ. ತುಮಕೂರಿನ ಎಷ್ಟೋ ಮನೆಗಳಲ್ಲಿ ತಲೆಮಾರುಗಳಿಂದ ಹೆಂಗಸರು ಮೊರ ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟಿದ್ದಾರೆ. ಎಲೆ ಮತ್ತು ಹೊಗೆಸೊಪ್ಪು ಕಂಟ್ರಾಕ್ಟರ್ ಕೊಡುತ್ತಾನೆ, ಕೂಲಿ ಸಾವಿರ ಬೀಡಿಗೆ ಇಷ್ಟು. ಎಲೆ ನೆನೆಸಿ ಕತ್ತರಿಸಿದ ಹೊತ್ತಿಗೆ ಕೂಲಿಯಿಲ್ಲ, ಕೊಟ್ಟ ಎಲೆ ಸಾಲದಿದ್ದರೆ ಕೈಯಿಂದ ಹಾಕಬೇಕು, ಕಂಟ್ರಾಕ್ಟರ್ ಕಟ್ಟು ಬಿಚ್ಚಿ ಒಂದು ಹಿಡಿ ತೆಗೆದು ‘ಇದು ಸರಿಯಿಲ್ಲ’ ಎಂದು ಬಿಸಾಡಿದರೆ ಕೇಳುವವರಿರಲಿಲ್ಲ. ಮನೆಯಲ್ಲಿ ಕೂತು ತುಂಡು ಲೆಕ್ಕದಲ್ಲಿ ದುಡಿಯುವವಳ ಎಲ್ಲ ಸಂಕಟಗಳನ್ನೂ ಈ ಊರು ಆಗಲೇ ಕಂಡಿದೆ.

ದೇಶ ಅದಕ್ಕೆ ಒಂದು ಉತ್ತರವನ್ನೂ ಕಂಡುಕೊಂಡಿತು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಮನೆಯಲ್ಲಿ ಬೀಡಿ ಕಟ್ಟುವವರನ್ನೂ ನೌಕರರೆಂದು ಕರೆಯಿತು. ಮಾಲೀಕರು ಸುಮ್ಮನಿರಲಿಲ್ಲ. ಮನೆಯಲ್ಲಿ ತನಗೆ ಬೇಕಾದಾಗ ಕಟ್ಟುವವಳು ನಮ್ಮ ನೌಕರಳು ಹೇಗಾದಾಳು ಎಂದು ಸುಪ್ರೀಂ ಕೋರ್ಟಿನವರೆಗೂ ಹೋದರು. ಮಂಗಳೂರು ಗಣೇಶ ಬೀಡಿ ವರ್ಕ್ಸ್ ಮತ್ತಿತರರು ಹೂಡಿದ ಆ ಪ್ರಕರಣದಲ್ಲಿ 1974ರಲ್ಲಿ ತೀರ್ಪು ಬಂತು. ಮನೆಯಲ್ಲಿ ಕೂತು ಬೀಡಿ ಕಟ್ಟುವ ಕಾರ್ಮಿಕರಿಗೆ ಕಾಯ್ದೆ ಅನ್ವಯಿಸುವುದನ್ನು ಕೋರ್ಟು ಎತ್ತಿಹಿಡಿಯಿತು. ಬೀಡಿ ತಿರಸ್ಕರಿಸಲು ರಾಜ್ಯದ ನಿಯಮಗಳು ಒಂದು ಶೇಕಡಾವಾರು ಮಿತಿ ಹಾಕಿದ್ದವು. 1977ರಲ್ಲಿ ಭವಿಷ್ಯನಿಧಿ ಬೀಡಿ ಉದ್ಯಮಕ್ಕೆ ವಿಸ್ತರಿಸಿತು. ಅದು ಮನೆಯಲ್ಲಿ ಕಟ್ಟುವವರಿಗೂ ಸಲ್ಲಬೇಕೆಂದು 1980ರ ದಶಕದಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ಇಂದು ಡೇಟಾ ಎಂಟ್ರಿಯ ಒಪ್ಪಂದಗಳಲ್ಲಿ ‘ಫ್ರೀಲ್ಯಾನ್ಸರ್, ನೌಕರರಲ್ಲ’ ಎಂದು ಬರೆಸಿಕೊಳ್ಳುವವರು ಆ ಬೀಡಿ ಮಾಲೀಕರ ವಾದವನ್ನೇ ಹೊಸ ಕಾಗದದಲ್ಲಿ ಹೇಳುತ್ತಿದ್ದಾರೆ.

ಆದರೆ ಬೀಡಿ ಕಾಯ್ದೆಯಲ್ಲೂ ಒಂದು ಕಂದಕ ಉಳಿಯಿತು, ನನ್ನ ಮಾತಿಗೆ ಅದೇ ಮುಖ್ಯ. ದಿನಕ್ಕೆ ಒಂಬತ್ತು ಗಂಟೆ, ವಾರಕ್ಕೆ 48 ಗಂಟೆ, ಐದು ಗಂಟೆಗೊಮ್ಮೆ ಅರ್ಧ ಗಂಟೆ ಬಿಡುವು ಎಂಬ ಮಿತಿಗಳು ಕೈಗಾರಿಕಾ ಆವರಣದೊಳಗೆ ದುಡಿಯುವವರಿಗೆ ಮಾತ್ರ ಇದ್ದವು. ಮನೆಯವಳಿಗೆ ಕೂಲಿಯ ಹಕ್ಕು ಸಿಕ್ಕಿತು, ಹೆರಿಗೆ ಸೌಲಭ್ಯ ಸಿಕ್ಕಿತು, ಗಂಟೆ ಮಾತ್ರ ಸಿಗಲಿಲ್ಲ. ರಾತ್ರಿ ಹನ್ನೊಂದಕ್ಕೂ ಬೀಡಿ ಕಟ್ಟಿದವಳ ಬೆನ್ನುನೋವು ಯಾವ ಪುಸ್ತಕದಲ್ಲೂ ದಾಖಲಾಗಲಿಲ್ಲ, ಏಕೆಂದರೆ ಕಂಟ್ರಾಕ್ಟರನ ಪುಸ್ತಕದಲ್ಲಿ ಇದ್ದ ಕಂಬಸಾಲು ಬೀಡಿಯದು, ಹೊತ್ತಿನದಲ್ಲ. 1966ರಲ್ಲೇ ಬಿಟ್ಟುಹೋದ ಆ ಕಂಬಸಾಲನ್ನು ಟೈಪಿಂಗಿನವರ ವಿಷಯದಲ್ಲಾದರೂ ತುಂಬಬೇಕು.

ಸಿಲ್ವರ್ ಜ್ಯೂಬಿಲಿ ಟೈಲರಿಂಗ್ ಹೌಸ್ ಪ್ರಕರಣವನ್ನೂ ಇಲ್ಲಿ ನೆನೆಯಬೇಕು. ಬಟ್ಟೆಗೆ ಇಷ್ಟೆಂದು ಕೂಲಿ ಪಡೆಯುತ್ತಿದ್ದ ದರ್ಜಿಗಳು, ಇಷ್ಟ ಬಂದಾಗ ಬಂದು ಹೋಗುತ್ತಿದ್ದವರು, ಕೆಲವೊಮ್ಮೆ ಬಟ್ಟೆ ಮನೆಗೆ ಒಯ್ದು ಹೊಲಿಯುತ್ತಿದ್ದವರು, ಅಂಗಡಿಯ ನೌಕರರೇ ಎಂಬ ಪ್ರಶ್ನೆ. ಹೌದು ಎಂದು ಸುಪ್ರೀಂ ಕೋರ್ಟ್ 1973ರಲ್ಲಿ ಹೇಳಿತು. ಹೊಲಿದದ್ದು ಸರಿಯಿಲ್ಲದಿದ್ದರೆ ತಿರಸ್ಕರಿಸಿ ಮತ್ತೆ ಹೊಲಿಸುವ ಅಧಿಕಾರ ಅಂಗಡಿಯವನಿಗಿತ್ತು, ಆ ಅಧಿಕಾರದಲ್ಲೇ ಯಜಮಾನಿಕೆ ಇದೆ ಎಂಬುದು ತೀರ್ಪಿನ ಒಂದು ಮುಖ್ಯ ಎಳೆ. ಹೊಲಿಗೆ ಯಂತ್ರಗಳು ಅಂಗಡಿಯವೇ ಆಗಿದ್ದವು ಎಂಬ ವ್ಯತ್ಯಾಸವನ್ನು ಮರೆಮಾಚಬೇಕಿಲ್ಲ; ಟೈಪ್ ಮಾಡುವವಳ ಲ್ಯಾಪ್‌ಟಾಪ್ ಅವಳದೇ. ಆದರೂ ಫೈಲನ್ನು ‘ರೀವರ್ಕ್’ ಎಂದು ವಾಪಸ್ ಕಳಿಸುವ, ಶೇಕಡಾ ಇಷ್ಟು ತಪ್ಪು ದಾಟಿದರೆ ಹಣವಿಲ್ಲ ಎನ್ನುವ, ರಾತ್ರಿ ಹತ್ತರೊಳಗೆ ಬೇಕೇ ಬೇಕು ಎನ್ನುವ ಕಂಪನಿಗೆ ತನ್ನ ಯಜಮಾನಿಕೆಯನ್ನು ಅಲ್ಲಗಳೆಯುವುದು ಸುಲಭವಾಗಬಾರದು.

ದರವನ್ನು ಹೊತ್ತಿನಿಂದ ಕಟ್ಟಲು ಸಾಧ್ಯವೇ ಎನ್ನುವವರು ಉದ್ಯೋಗ ಖಾತ್ರಿಯನ್ನು ನೋಡಲಿ. ಗುಬ್ಬಿ, ಕುಣಿಗಲ್ ತಾಲ್ಲೂಕಿನ ಹಳ್ಳಿಗಳಲ್ಲಿ ಕೆರೆ ಹೂಳು, ಬದು, ಕೃಷಿ ಹೊಂಡ ತೆಗೆದವರಿಗೆ ಅಳತೆಯ ಮೇಲೆ ಕೂಲಿ ಬರೆದದ್ದು ಎಲ್ಲರಿಗೂ ಗೊತ್ತು. ಅಳತೆಯ ದರ ಹೇಗಿರಬೇಕೆಂದು 2005ರ ಕಾಯ್ದೆಯ ಅನುಸೂಚಿಯೇ ಹೇಳಿತ್ತು: ವಯಸ್ಕ ವ್ಯಕ್ತಿ ಒಂದು ಗಂಟೆ ವಿಶ್ರಾಂತಿಯೂ ಸೇರಿ ಎಂಟು ಗಂಟೆ ದುಡಿದರೆ ನಿಗದಿಯಾದ ದಿನಗೂಲಿ ಪೂರ್ತಿ ಬರುವಂತೆ ದರಪಟ್ಟಿ ಕಟ್ಟಬೇಕು. ಅದಕ್ಕಾಗಿ ಯಾವ ಮಣ್ಣನ್ನು ಎಷ್ಟು ಹೊತ್ತಿನಲ್ಲಿ ಎಷ್ಟು ಅಗೆಯಬಹುದೆಂದು ಅಳೆದು ನೋಡುವ ಅಧ್ಯಯನಗಳು ನಡೆದವು. ಪಾಲನೆಯಲ್ಲಿ ಕೊರತೆ ಬೇಕಾದಷ್ಟಿತ್ತು, ಗಟ್ಟಿ ನೆಲಕ್ಕೂ ಮೆತ್ತನೆ ನೆಲಕ್ಕೂ ಒಂದೇ ಅಳತೆ ಹಾಕಿದ ಜಗಳಗಳಿದ್ದವು. ಆದರೆ ತತ್ವ ಸರಿಯಾಗಿತ್ತು: ಮೊದಲು ದಿನ, ಅದರೊಳಗೆ ವಿಶ್ರಾಂತಿ, ಆಮೇಲೆ ಅಳತೆ. ಅದಕ್ಕೂ ಮೊದಲು, 1983ರ ಸಂಜಿತ್ ರಾಯ್ ಪ್ರಕರಣದಲ್ಲಿ, ರಾಜಸ್ಥಾನದ ಬರಪರಿಹಾರ ಕಾಮಗಾರಿಯಲ್ಲಿ ಅಳತೆ ಸಾಲದೆಂದು ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟದ್ದನ್ನು ಸುಪ್ರೀಂ ಕೋರ್ಟ್ ಸಂವಿಧಾನದ 23ನೇ ವಿಧಿಯ ಉಲ್ಲಂಘನೆ ಎಂದಿತು. ಅದು ಬಲವಂತದ ದುಡಿಮೆಯನ್ನು ನಿಷೇಧಿಸುವ ವಿಧಿ. ಮಣ್ಣು ಅಗೆಯುವವರಿಗೆ ಮಾಡಬಹುದಾದ ಲೆಕ್ಕವನ್ನು ಅಕ್ಷರ ಕೂಡಿಸುವವರಿಗೆ ಮಾಡಲಾಗದು ಎಂಬ ಮಾತು ನಿಲ್ಲುವುದಿಲ್ಲ. ಬ್ರಿಟನ್ನಿನಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದಾರೆ: ಸರಾಸರಿ ಕೆಲಸಗಾರ ಗಂಟೆಗೆ ಎಷ್ಟು ಮುಗಿಸುತ್ತಾನೆಂದು ಪರೀಕ್ಷಿಸಿ, ಅದನ್ನು 1.2ರಿಂದ ಭಾಗಿಸಿ, ಬಂದ ಸಂಖ್ಯೆಗೆ ಕನಿಷ್ಠ ಗಂಟೆಗೂಲಿ ಸಲ್ಲುವಂತೆ ತುಂಡಿನ ದರ ನಿಗದಿ. ಸರಾಸರಿಗಿಂತ ತುಸು ನಿಧಾನವಿರುವವರೂ ನೆಲಕ್ಕೆ ಬೀಳಬಾರದೆಂಬ ಯೋಚನೆ ಅದರ ಹಿಂದಿದೆ.

ಎದುರು ವಾದಗಳಲ್ಲಿ ನನಗೆ ಗೌರವವಿರುವುದು ಒಂದರ ಬಗ್ಗೆ. ಗಂಟೆ ಎಣಿಸತೊಡಗಿದರೆ ಕಂಪನಿ ಕಾವಲು ಹಾಕುತ್ತದೆ, ಆಗ ಮನೆಯೂ ಆಫೀಸಾಗುತ್ತದೆ ಎಂಬ ಭಯ ಸುಳ್ಳಲ್ಲ. ಕೆಲವು ನಿಮಿಷಕ್ಕೊಮ್ಮೆ ಪರದೆಯ ಚಿತ್ರ ತೆಗೆಯುವ, ಮೌಸ್ ಅಲ್ಲಾಡದಿದ್ದರೆ ಹೊತ್ತನ್ನು ಕಡಿದು ಹಾಕುವ ತಂತ್ರಾಂಶಗಳು ಈಗಾಗಲೇ ಬಳಕೆಯಲ್ಲಿವೆ. ಒಂದೇ ಕೋಣೆಯ ಮನೆಯಲ್ಲಿ ಮಗುವಿಗೆ ಹಾಲೂಡಿಸುವ ತಾಯಿಯ ಮುಂದೆ ಕ್ಯಾಮೆರಾ ತೆರೆದಿಡುವುದನ್ನು ಯಾವ ಕೂಲಿಯೂ ಸಮರ್ಥಿಸಲಾರದು. ಅಲ್ಲದೆ ಅಂಥ ಯಂತ್ರ ಎಣಿಸುವುದು ಬೆರಳಿನ ಚಲನೆಯನ್ನು. ಹೆಡ್‌ಫೋನ್ ಹಾಕಿಕೊಂಡು ಅಸ್ಪಷ್ಟ ಪದವೊಂದನ್ನು ಐದು ನಿಮಿಷ ಕೇಳಿದವಳು ಅದರ ಲೆಕ್ಕದಲ್ಲಿ ಸೋಮಾರಿ. ಆದ್ದರಿಂದಲೇ ಹೊತ್ತಿನ ದಾಖಲೆ ಕೆಲಸಗಾರ್ತಿಯದಾಗಿರಬೇಕು ಎನ್ನುತ್ತೇನೆ. ಯಾವ ಫೈಲು ಯಾವಾಗ ಕಳಿಸಿದರು, ಯಾವಾಗ ವಾಪಸ್ ಪಡೆದರು, ಯಾವುದನ್ನು ಏಕೆ ತಳ್ಳಿದರು ಎಂಬ ಮಾಹಿತಿ ಕಂಪನಿಯ ಬಳಿ ಇದ್ದೇ ಇರುತ್ತದೆ. ಅಷ್ಟನ್ನು ಅವರು ತಿಂಗಳಿಗೊಮ್ಮೆ ಚೀಟಿಯಾಗಿ ಕೊಡಲಿ. ಅವಳ ಬರಹವನ್ನು ಅದರ ಪಕ್ಕದಲ್ಲಿಟ್ಟು ನೋಡಿದರೆ ಕ್ಯಾಮೆರಾ ಬೇಕಾಗುವುದಿಲ್ಲ.

‘ಇಷ್ಟ ಬಂದಾಗ ಮಾಡುವ ಕೆಲಸಕ್ಕೆ ಗಂಟೆಯ ಲೆಕ್ಕವೇಕೆ’ ಎಂಬ ವಾದಕ್ಕೆ ಮಾತ್ರ ನನ್ನಲ್ಲಿ ಹೆಚ್ಚು ತಾಳ್ಮೆಯಿಲ್ಲ. ಮಧ್ಯಾಹ್ನ ಮೂರಕ್ಕೆ ಫೈಲು ಕಳಿಸಿ ಬೆಳಗ್ಗೆ ಆರಕ್ಕೆ ಕೇಳುವಲ್ಲಿ ಇಷ್ಟಕ್ಕೆ ಜಾಗ ಎಲ್ಲಿದೆ? ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1996ರಲ್ಲಿ ಮನೆಯಲ್ಲಿ ಕೂತು ದುಡಿಯುವ ಕಾರ್ಮಿಕರ ಬಗ್ಗೆ 177ನೇ ಒಡಂಬಡಿಕೆಯನ್ನು ತಂದಿತು. ಜೊತೆಗಿದ್ದ 184ನೇ ಶಿಫಾರಸಿನಲ್ಲಿ ಈ ಮಾತಿದೆ: ಕೆಲಸ ಒಪ್ಪಿಸುವ ಗಡುವು ಮನೆಯಲ್ಲಿ ದುಡಿಯುವವರ ದಿನದ, ವಾರದ ವಿಶ್ರಾಂತಿಯನ್ನು ಕಸಿಯಬಾರದು. ವಿದ್ಯುತ್ತು, ಸಂಪರ್ಕ, ಯಂತ್ರದ ನಿರ್ವಹಣೆಗೆ ಅವರು ಮಾಡುವ ಖರ್ಚನ್ನು ತುಂಬಿಕೊಡಬೇಕೆಂದೂ ಅದು ಹೇಳುತ್ತದೆ. ಭಾರತ ಆ ಒಡಂಬಡಿಕೆಗೆ ಇನ್ನೂ ಸಹಿ ಹಾಕಿ ಒಪ್ಪಿಲ್ಲ.

ನಮ್ಮ ಕಾನೂನೇ ಸದ್ಯಕ್ಕೆ ಏನು ಹೇಳುತ್ತದೆ? 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಬೀಡಿ ಕಾಯ್ದೆಯೂ ಕನಿಷ್ಠ ವೇತನ ಕಾಯ್ದೆಯೂ ಅವುಗಳಲ್ಲಿ ಕರಗಿದವು. ವೇತನ ಸಂಹಿತೆಯ 11ನೇ ವಿಭಾಗ, ತುಂಡುಗೆಲಸಕ್ಕೆ ಬೇರೆ ಕನಿಷ್ಠ ದರ ನಿಗದಿಯಾಗಿಲ್ಲದಿದ್ದರೆ ಹೊತ್ತಿನ ಕನಿಷ್ಠ ದರಕ್ಕಿಂತ ಕಡಿಮೆ ಕೊಡಬಾರದು ಎನ್ನುತ್ತದೆ. 1948ರ ಕಾಯ್ದೆಯಲ್ಲೂ ಇದೇ ಇತ್ತು. ಇದರ ಅರ್ಥ ಸರಳ. ಎಷ್ಟು ಹೊತ್ತು ದುಡಿದೆ ಎಂದು ತೋರಿಸಬಲ್ಲವಳಿಗೆ ಈ ವಿಭಾಗದಿಂದ ಬಲ ಬರುತ್ತದೆ, ತೋರಿಸಲಾರದವಳಿಗೆ ಅದು ಬರೀ ಕಾಗದ. ವೇತನ ಕಡಿಮೆ ಕೊಟ್ಟರೆಂದು ದೂರು ಕೊಟ್ಟಾಗ ಕೊಟ್ಟಿದ್ದೇವೆಂದು ಸಾಬೀತು ಮಾಡುವ ಹೊಣೆ ಮಾಲೀಕರದು ಎಂದು 59ನೇ ವಿಭಾಗ ಹೇಳುತ್ತದೆ. ದೂರಿಗೆ ಮೂರು ವರ್ಷದ ಅವಕಾಶವಿದೆ. ಸಾಮಾಜಿಕ ಭದ್ರತಾ ಸಂಹಿತೆ ಮನೆಯಲ್ಲಿ ಕೂತು ಬೇರೊಬ್ಬರಿಗಾಗಿ ಸರಕನ್ನೋ ಸೇವೆಯನ್ನೋ ಒದಗಿಸುವವರನ್ನು, ಉಪಕರಣ ಯಾರದೇ ಆಗಿದ್ದರೂ, ಗೃಹಾಧಾರಿತ ಕಾರ್ಮಿಕರೆಂದು ಗುರುತಿಸುತ್ತದೆ. ಆದರೆ ಅವರನ್ನು ಅಸಂಘಟಿತರ ಸಾಲಿಗೆ ಸೇರಿಸಿ ಯೋಜನೆಗಳ ಭರವಸೆ ಕೊಟ್ಟು ನಿಲ್ಲಿಸುತ್ತದೆ. ಗಂಟೆ, ಬಿಡುವಿನ ಮಾತು ಮತ್ತೆ ಬಿಟ್ಟುಹೋಗಿದೆ. ಕರ್ನಾಟಕ 2025ರಲ್ಲಿ ತಂದ ಗಿಗ್ ಕಾರ್ಮಿಕರ ಕಾಯ್ದೆ ಹಣ ಕಡಿತಕ್ಕೆ ಕಾರಣ ಕೊಡಬೇಕು, ಯಂತ್ರದ ನಿರ್ಧಾರಗಳನ್ನು ಕಾರ್ಮಿಕರಿಗೆ ತಿಳಿಸಬೇಕು ಎನ್ನುತ್ತದೆ. ಒಳ್ಳೆಯದು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಫೈಲು ಹಂಚುವ ಏಜೆಂಟನೂ ಅದರ ಕೈಗೆ ಸಿಗುವಂತೆ ನಿಯಮಗಳು ಸ್ಪಷ್ಟವಾಗಬೇಕು.

ಮೋಸದ ಕಂಪನಿಗಳ ಬಗ್ಗೆ ಒಂದು ಮಾತು. ನೋಂದಣಿ ಹಣ ಕಟ್ಟಿಸಿಕೊಂಡು, ಮುಗಿಸಲಾಗದಷ್ಟು ಪುಟ ಕೊಟ್ಟು, ಕೊನೆಗೆ ‘ಒಪ್ಪಂದ ಮುರಿದಿದ್ದೀರಿ, ಲಾಯರ್ ನೋಟಿಸ್ ಬರುತ್ತದೆ’ ಎಂದು ಹೆದರಿಸಿ ಹಣ ಕೀಳುವ ಜಾಲಗಳಿವೆ. ಅದು ಕೂಲಿಯ ಪ್ರಶ್ನೆಯಲ್ಲ, ಅಪರಾಧ. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಕೆಲಸ ಕೊಡಲು ಹಣ ಕೇಳುವವರಿಂದ ಕೆಲಸ ತೆಗೆದುಕೊಳ್ಳಲೇಬಾರದು.

ನಿಜವಾದ ಕೆಲಸ ಇರುವವರು ಇಂದಿನಿಂದಲೇ ಮಾಡಬಹುದಾದದ್ದು ಒಂದು ನೋಟ್ ಪುಸ್ತಕ ಇಡುವುದು. ಕೂತ ಹೊತ್ತು, ಎದ್ದ ಹೊತ್ತು, ಏಕೆ ಎದ್ದದ್ದು, ಫೈಲಿನ ಹೆಸರು, ಕಾದದ್ದು, ತಿದ್ದಿದ್ದು, ಒಪ್ಪಿದ ಪುಟ, ತಳ್ಳಿದ ಪುಟ. ಕರೆಂಟು ಹೋದ ಹೊತ್ತನ್ನೂ ಬರೆಯಬೇಕು. ಅಂದಂದೇ ಬರೆಯಬೇಕು, ತಿಂಗಳ ಕೊನೆಯಲ್ಲಿ ನೆನಪಿನಿಂದ ತುಂಬಿದ ಪುಸ್ತಕಕ್ಕೆ ಬೆಲೆ ಕಡಿಮೆ. ಫೈಲು ಬಂದ, ಕಳಿಸಿದ ಸಂದೇಶಗಳನ್ನು ಅಳಿಸದೆ ಮೂರು ವರ್ಷ ಇಟ್ಟುಕೊಳ್ಳಬೇಕು. ಒಬ್ಬಳ ಪುಸ್ತಕವನ್ನು ಏಜೆಂಟ್ ತಳ್ಳಿಹಾಕಬಹುದು. ಒಂದೇ ಕಂಪನಿಗೆ ದುಡಿಯುವ ಹತ್ತು ಜನರ ಪುಸ್ತಕಗಳು ಒಂದೇ ಕಥೆ ಹೇಳಿದರೆ ತುಮಕೂರಿನ ಕಾರ್ಮಿಕ ಅಧಿಕಾರಿಯ ಮೇಜಿನ ಮೇಲೆ ಅವು ಸಾಕ್ಷ್ಯವಾಗುತ್ತವೆ. ರಾಜ್ಯ ಸರ್ಕಾರ ಮುಂದಿನ ಕನಿಷ್ಠ ವೇತನ ಅಧಿಸೂಚನೆಯಲ್ಲಿ ಸಾಲು, ಪುಟ, ಆಡಿಯೊ ನಿಮಿಷಗಳಿಗೆ ದರ ಕಟ್ಟಲು ಹೊರಟರೆ ಅದಕ್ಕೆ ಬೇಕಾದ ಅಂಕಿಗಳೂ ಈ ಪುಸ್ತಕಗಳಿಂದಲೇ ಬರಬೇಕು. ಬೇರೆಲ್ಲೂ ಅವು ಇಲ್ಲ.

ಪುಸ್ತಕದಲ್ಲಿ ಇನ್ನೊಂದು ಕಂಬಸಾಲು ಇರಲಿ: ಟೈಪ್ ಮಾಡಿದವರ ಹೆಸರು. ಕಂಪನಿ ಕೊಡುವುದು ಒಂದೇ ಐಡಿ. ಗಡುವು ಹತ್ತಿರ ಬಂದಾಗ ಆ ಐಡಿಯಲ್ಲಿ ತಂಗಿ ಕೂರುತ್ತಾಳೆ, ಕಾಲೇಜಿನಿಂದ ಬಂದ ಮಗಳು ಕೂರುತ್ತಾಳೆ, ಗಂಡ ಓದಿ ಹೇಳುತ್ತಾನೆ. ಕಂಪನಿಯ ಲೆಕ್ಕದಲ್ಲಿ ಅದು ಒಬ್ಬಳ ಒಳ್ಳೆಯ ವೇಗ, ಆ ವೇಗವನ್ನೇ ನೋಡಿ ಮುಂದಿನ ದರ ಇಳಿಯುತ್ತದೆ. ಬೀಡಿಯಲ್ಲೂ ಹೀಗೇ ಆಯಿತು. ಕಾರ್ಡು ತಾಯಿಯ ಹೆಸರಿನಲ್ಲಿತ್ತು, ಸಾವಿರ ತುಂಬಿಸಿದ್ದು ಶಾಲೆಯಿಂದ ಬಂದ ಹೆಣ್ಣುಮಕ್ಕಳ ಬೆರಳುಗಳು. ಭವಿಷ್ಯನಿಧಿಯ ಖಾತೆಯಲ್ಲಿ ಅವರ ಹೆಸರು ಎಂದೂ ಏರಲಿಲ್ಲ.